ಬೆನ್ನ ಮೇಲಿನ ಹೆಸರು

ಮುಂಬಯಿಯ ಫೋರ್ಟಿನಲ್ಲಿ, ಫ್ಲೋರಾ ಫೌಂಟನ್ನಿನ ಆಸುಪಾಸಿನ ಫುಟ್‌ಪಾತ್‌ಗಳ ಮೇಲೆ ಹಳೆಯ ಪುಸ್ತಕಗಳನ್ನು ಹರವಿಕೊಂಡು ಕೂರುತ್ತಿದ್ದವರ ನೆನಪು ನಮ್ಮ ಬಳಗದ ಹಿರಿಯರಿಗೆ ಇದ್ದೇ ಇರುತ್ತದೆ. 1987ರ ಬೇಸಿಗೆಯ ಒಂದು ಸಂಜೆ ಅಲ್ಲಿ ನಾನು ಅಮೆರಿಕದ ಹಳೆಯ ಕ್ರೀಡಾ ಪತ್ರಿಕೆಯೊಂದನ್ನು ಐದು ರೂಪಾಯಿಗೆ ಕೊಂಡೆ. ಆಗ ನನಗೆ ಇಪ್ಪತ್ತೆರಡು ವರ್ಷ. ಕ್ರೀಡಾ ಕೋಟಾದಲ್ಲಿ ರೈಲ್ವೆಯ ನೌಕರಿ ಸಿಕ್ಕಿ, ಮೈಸೂರನ್ನು ಬಿಟ್ಟು ಬಂದು ಎರಡು ವರ್ಷವಾಗಿತ್ತು. ಬೆಳಗ್ಗೆ ಬ್ಯಾಸ್ಕೆಟ್‌ಬಾಲ್ ಅಭ್ಯಾಸ, ಹಗಲು ಕಚೇರಿ, ಸಂಜೆ ಮತ್ತೆ ಅಭ್ಯಾಸ, ರಾತ್ರಿ ಹಾಸ್ಟೆಲಿನ ಕೋಣೆಯಲ್ಲಿ ಊರಿನ ನೆನಪು; ಇಷ್ಟೇ ನನ್ನ ದಿನಚರಿ.

ಪತ್ರಿಕೆಯನ್ನು ಕೊಂಡದ್ದು ಕರೀಂ ಅಬ್ದುಲ್ ಜಬ್ಬಾರ್ ಅವರ ಚಿತ್ರಕ್ಕಾಗಿ. ನಾನೂ ಅವರಂತೆ ಸೆಂಟರ್ ಸ್ಥಾನದಲ್ಲಿ ಆಡುತ್ತಿದ್ದೆ. ಬೋರ್ಡಿನ ಕೆಳಗೆ ನಿಂತು ನೂಕುನುಗ್ಗಲಿನಲ್ಲಿ ಚೆಂಡು ಹಿಡಿಯುವ ಕೆಲಸ ನನ್ನದು. ಆದರೆ ಕಣ್ಣು ನೆಟ್ಟದ್ದು ಅದೇ ಲಾಸ್ ಏಂಜಲೀಸ್ ಲೇಕರ್ಸ್ ತಂಡದ ಆಟಗಾರರ ಪಟ್ಟಿಯಲ್ಲಿದ್ದ ಇನ್ನೊಂದು ಹೆಸರಿನ ಮೇಲೆ. ಎತ್ತರ ಕರೀಮರಷ್ಟೇ, ಏಳು ಅಡಿ ಎರಡು ಅಂಗುಲ. ಹೆಸರು ಗುಡ್‌ಮಂಡ್ಸನ್ ಎಂದೇನೋ ಇತ್ತು. ಊರು ರೇಕ್ಯಾವಿಕ್, ದೇಶ ಐಸ್‌ಲೆಂಡ್. ಹಿಂದಿನ ಅಕ್ಟೋಬರಿನಲ್ಲಿ ರೇಗನ್ ಮತ್ತು ಗೋರ್ಬಚೆವ್ ಭೇಟಿಯಾಗಿದ್ದರಿಂದ ಆ ಊರಿನ ಹೆಸರು ಪತ್ರಿಕೆಗಳಲ್ಲಿ ಬಂದಿತ್ತು. ಅಲ್ಲಿಂದಲೂ ಒಬ್ಬ ಬ್ಯಾಸ್ಕೆಟ್‌ಬಾಲ್ ಆಟಗಾರ ಹೊರಟು ಕರೀಮರ ಪಕ್ಕದಲ್ಲಿ ನಿಲ್ಲಬಹುದು ಎಂಬುದು ನನಗೆ ವಿಚಿತ್ರವಾಗಿ ಕಂಡಿತು. ಪುಟವನ್ನು ಕತ್ತರಿಸಿ ಟ್ರಂಕಿನ ಮುಚ್ಚಳದ ಒಳಭಾಗಕ್ಕೆ ಅಂಟಿಸಿದೆ.

ಅವರ ಬದುಕಿನ ವಿವರಗಳು ನನಗೆ ತಿಳಿದದ್ದು ಬಹುಕಾಲದ ನಂತರ, ಮನೆಗೆ ಇಂಟರ್ನೆಟ್ ಬಂದ ಮೇಲೆ. ಮೊದಲು ತಿಳಿದ ಸಂಗತಿಯೆಂದರೆ, ನಾನು ಇಷ್ಟು ವರ್ಷ ಅವರನ್ನು ಅವರ ಅಪ್ಪನ ಹೆಸರಿನಿಂದ ಕರೆಯುತ್ತಿದ್ದೆ ಎಂಬುದು.

ಐಸ್‌ಲೆಂಡಿನಲ್ಲಿ ಬಹುಪಾಲು ಜನರಿಗೆ ಮನೆತನದ ಹೆಸರಿಲ್ಲ. ಗುದ್ಮುಂದುರ್ ಎಂಬವರ ಮಗನಾದ್ದರಿಂದ ಅವರು ಗುದ್ಮುಂದ್ಸೊನ್. ಮಗಳಿದ್ದಿದ್ದರೆ ಗುದ್ಮುಂದ್ಸ್‌ದೋತ್ತಿರ್ ಆಗುತ್ತಿದ್ದಳು. ಇದು ‘ಇಂಥವರ ಮಗ’, ‘ಇಂಥವರ ಮಗಳು’ ಎಂಬ ಪರಿಚಯವೇ ಹೊರತು ಕರೆಯುವ ಹೆಸರಲ್ಲ. ಕರೆಯುವ ಹೆಸರು ಪ್ಯೇತುರ್. ಅಲ್ಲಿನ ಟೆಲಿಫೋನ್ ಡೈರೆಕ್ಟರಿಯ ಅಕಾರಾದಿ ಕೂಡ ಸ್ವಂತ ಹೆಸರನ್ನೇ ಅನುಸರಿಸುತ್ತಿತ್ತು. 1980ರಲ್ಲಿ ರಾಷ್ಟ್ರಾಧ್ಯಕ್ಷೆಯಾಗಿ ಆಯ್ಕೆಯಾದ ವಿಗ್ದಿಸ್ ಫಿನ್‌ಬೊಗದೋತ್ತಿರ್ ಅವರನ್ನೂ ಜನ ವಿಗ್ದಿಸ್ ಎಂದೇ ಕರೆದರು, ಅದು ಅಗೌರವವಾಗಲಿಲ್ಲ. ಅಮೆರಿಕದಲ್ಲಿ ಮಾತ್ರ ಪ್ಯೇತುರ್ ಅವರ ಅಂಗಿಯ ಬೆನ್ನ ಮೇಲೆ ಅಪ್ಪನ ಹೆಸರು ಕುಳಿತಿತು. ಅದೂ ಪೂರ್ತಿಯಾಗಿ ಅಲ್ಲ. ಆ ಹೆಸರಿನ ನಡುವೆ ಐಸ್‌ಲೆಂಡಿಕ್ ಭಾಷೆಯ ಒಂದು ಅಕ್ಷರವಿದೆ, ನಮ್ಮ ‘ದ’ಕಾರಕ್ಕೆ ಹತ್ತಿರದ ಮೆದುವಾದ ಧ್ವನಿ. ಇಂಗ್ಲಿಷಿನ ಅಕ್ಷರಮಾಲೆಯಲ್ಲಿ ಅದಿಲ್ಲದ ಕಾರಣ ಅಲ್ಲಿ ‘ಡ’ಕಾರ ಬಂದು ಕೂತಿತು.

ಇದನ್ನು ಓದಿದಾಗ ನಾನು ನಕ್ಕೆ. ನೌಕರಿಗೆ ಸೇರಿದ ದಿನ ಗುಮಾಸ್ತರೊಬ್ಬರು ಅರ್ಜಿಯ ಒಂದು ಅಂಕಣದ ಮೇಲೆ ಬೆರಳಿಟ್ಟು ‘ಆಡನಾವ್ ಕಾಯ್?’ ಎಂದು ಮರಾಠಿಯಲ್ಲಿ ಕೇಳಿದ್ದರು. ಆಡನಾವ್ ಇಲ್ಲವೆಂದೆ. ನನ್ನ ಹೆಸರಿನ ಮುಂದೆ ಎರಡು ಅಕ್ಷರಗಳಿದ್ದವು, ಒಂದು ಊರಿನದು, ಇನ್ನೊಂದು ಅಪ್ಪನದು. ಅವರು ಕರುಣೆಯಿಂದ ನನ್ನನ್ನೊಮ್ಮೆ ನೋಡಿ, ಎರಡನೆಯ ಅಕ್ಷರವನ್ನು ಬಿಡಿಸಿ ಹೇಳಿಸಿಕೊಂಡು, ಅಪ್ಪನ ಹೆಸರನ್ನು ಆ ಅಂಕಣದಲ್ಲಿ ಬರೆದುಕೊಂಡರು. ಅಂದಿನಿಂದ ನಾನು ಅಪ್ಪನ ಹೆಸರಿನಿಂದ ಗುರುತಿಸಲ್ಪಟ್ಟೆ. ನಮ್ಮ ಸೀಮೆಯ ಅನೇಕ ಗಂಡಸರ ಹೆಸರಿನಂತೆ ಅದೂ ‘ಅಪ್ಪ’ ಎಂದೇ ಕೊನೆಗೊಳ್ಳುವ ಹೆಸರು. ತಂಡದ ಹುಡುಗಿಯರಿಗೆ ಅಷ್ಟುದ್ದದ ಹೆಸರನ್ನು ಕೂಗುವ ಪುರುಸೊತ್ತು ಎಲ್ಲಿ? ಮುಂದಿನ ಭಾಗವನ್ನು ಬಿಟ್ಟು ‘ಅಪ್ಪಾ! ಅಪ್ಪಾ, ಇಧರ್!’ ಎಂದು ಕೂಗತೊಡಗಿದರು. ಮುಂಬಯಿಯ ಅಂಕಣಗಳಲ್ಲಿ ಹನ್ನೊಂದು ವರ್ಷ ನಾನು ಅಪ್ಪನಾಗಿಯೇ ಆಡಿದೆ.

ಪ್ಯೇತುರ್ ಹುಟ್ಟಿದ್ದು 1958ರಲ್ಲಿ. ಅವರ ಎಳೆಯತನದ ಐಸ್‌ಲೆಂಡಿನಲ್ಲಿ ಬ್ಯಾಸ್ಕೆಟ್‌ಬಾಲ್ ಇನ್ನೂ ಹೊಸ ಆಟ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಂದು ಕೆಫ್ಲಾವಿಕ್ ವಿಮಾನ ನಿಲ್ದಾಣದಲ್ಲಿ ನೆಲೆಯೂರಿದ ಅಮೆರಿಕನ್ ಸೈನಿಕರ ಪ್ರಭಾವ ಆ ಆಟದ ಮೇಲಿತ್ತು. 1952ರಲ್ಲಿ ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆದಾಗ ಗೆದ್ದದ್ದು ಆ ವಿಮಾನ ನಿಲ್ದಾಣದ ತಂಡವೇ. ದೇಶಕ್ಕೊಂದು ಬ್ಯಾಸ್ಕೆಟ್‌ಬಾಲ್ ಒಕ್ಕೂಟ ಸ್ಥಾಪನೆಯಾದದ್ದು 1961ರಲ್ಲಿ. 1980ರ ಹೊತ್ತಿಗೂ ಇಡೀ ದೇಶದ ಜನಸಂಖ್ಯೆ ಸುಮಾರು 2.3 ಲಕ್ಷ, ಆ ಕಾಲದ ಹುಬ್ಬಳ್ಳಿ-ಧಾರವಾಡದ ಅರ್ಧದಷ್ಟೂ ಇರಲಿಲ್ಲ.

ಅಂಥ ದೇಶದ ಹುಡುಗ ಶಾಲೆಯ ದಿನಗಳಲ್ಲೇ ಅಮೆರಿಕಕ್ಕೆ ಹೋಗಿ, ಸಿಯಾಟಲ್ ಪಕ್ಕದ ಮರ್ಸರ್ ಐಲೆಂಡಿನಲ್ಲಿ ಕಲಿತು, ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡಕ್ಕೆ ಆಡಿದರು. ನಡುವೆ ಊರಿಗೆ ಮರಳಿ ರೇಕ್ಯಾವಿಕ್ಕಿನ ವಾಲುರ್ ಕ್ಲಬ್ಬಿಗೂ ಆಡಿದರು. 1981ರ ಡ್ರಾಫ್ಟಿನಲ್ಲಿ ಪೋರ್ಟ್‌ಲೆಂಡ್ ತಂಡ ಮೂರನೆಯ ಸುತ್ತಿನಲ್ಲಿ, 61ನೆಯವರಾಗಿ ಅವರನ್ನು ಆರಿಸಿಕೊಂಡಿತು. ಎನ್‌ಬಿಎ ಆಡಿದ ಮೊದಲ ಐಸ್‌ಲೆಂಡಿಗ ಅವರು. ಯುರೋಪಿನಿಂದ ಆ ಲೀಗಿಗೆ ಹೋದ ಮೊದಮೊದಲ ಕೆಲವರಲ್ಲಿ ಅವರೂ ಒಬ್ಬರು.

ಮೊದಲ ವರ್ಷ 68 ಪಂದ್ಯಗಳು. ಆಮೇಲೆ ಆ ಬಾಗಿಲು ಮುಚ್ಚಿತು. ಊರಿಗೆ ಬಂದು ಐಆರ್ ಕ್ಲಬ್ಬಿಗೆ ಆಡಿದರು. ಮತ್ತೆ ಅಮೆರಿಕಕ್ಕೆ ಹೋಗಿ ಚಿಕ್ಕ ಲೀಗಿನಲ್ಲಿ ಕಾದರು. 1986ರ ವಸಂತದಲ್ಲಿ ಲೇಕರ್ಸ್ ಕರೆದಾಗ ಋತು ಮುಗಿಯುತ್ತ ಬಂದಿತ್ತು. 8 ಪಂದ್ಯಗಳನ್ನು ಆಡಿ, ಪ್ಲೇಆಫ್‌ಗಳಲ್ಲೂ ಕರೀಮರಿಗೆ ಬದಲಿಯಾಗಿ ಅಂಕಣಕ್ಕಿಳಿದರು. ಆ ವರ್ಷ ಹ್ಯೂಸ್ಟನ್ ತಂಡದ ರಾಲ್ಫ್ ಸ್ಯಾಂಪ್ಸನ್ ಕೊನೆಯ ಕ್ಷಣದಲ್ಲಿ ಮೈ ತಿರುಗಿಸಿ ಎಸೆದ ಚೆಂಡು ಬುಟ್ಟಿಗೆ ಬಿದ್ದು ಲೇಕರ್ಸ್ ಹೊರಬಿದ್ದಿತು. ಮರುವರ್ಷ ಪ್ಯೇತುರ್ ಗಾಯಗೊಂಡು ಒಂದು ಪಂದ್ಯವನ್ನೂ ಆಡಲಿಲ್ಲ. 1987ರ ಫೆಬ್ರವರಿಯಲ್ಲಿ ಮೈಕೆಲ್ ಥಾಂಪ್ಸನ್ ಎಂಬ ಆಟಗಾರನನ್ನು ಪಡೆಯಲು ಲೇಕರ್ಸ್ ತಂಡ ಇವರನ್ನು ಸ್ಯಾನ್ ಆಂಟೋನಿಯೊ ತಂಡಕ್ಕೆ ಬಿಟ್ಟುಕೊಟ್ಟಿತು. ಅದೇ ಜೂನ್ ತಿಂಗಳಲ್ಲಿ ಲೇಕರ್ಸ್ ಚಾಂಪಿಯನ್ ಆಯಿತು. ನಾನು ಫೋರ್ಟಿನಲ್ಲಿ ಆ ಹಳೆಯ ಪತ್ರಿಕೆಯನ್ನು ಕೊಂಡಾಗ, ಅವರು ಆ ತಂಡದಲ್ಲಿ ಇರಲೇ ಇಲ್ಲ.

ಸ್ಯಾನ್ ಆಂಟೋನಿಯೊದಲ್ಲಿ ಒಂದು ಪೂರ್ಣ ಋತು, 69 ಪಂದ್ಯ. ಮುಂದಿನ ಋತುವಿನಲ್ಲಿ ಕೇವಲ 5. ಅಲ್ಲಿಗೆ ಮುಗಿಯಿತು. ಎಲ್ಲ ಸೇರಿ 150 ಪಂದ್ಯಗಳು. ಅವರ ನಂತರ ಐಸ್‌ಲೆಂಡಿನ ಯಾವ ಆಟಗಾರನೂ ಎನ್‌ಬಿಎ ಲೀಗಿನ ಒಂದು ಪಂದ್ಯವನ್ನೂ ಆಡಿಲ್ಲ ಎಂಬುದನ್ನು ಗಮನಿಸಿದರೆ ಈ 150ರ ತೂಕ ತಿಳಿಯುತ್ತದೆ.

ಆದರೆ ಈ ಲೆಕ್ಕಕ್ಕೆ ಇನ್ನೊಂದು ಮಗ್ಗುಲಿದೆ, ನನ್ನನ್ನು ಕಾಡಿದ್ದು ಅದು. ಆ ಕಾಲದಲ್ಲಿ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಬಾದ ನಿಯಮದ ಪ್ರಕಾರ ಎನ್‌ಬಿಎ ಆಟಗಾರರು ವೃತ್ತಿಪರರು; ಅವರು ತಮ್ಮ ದೇಶದ ತಂಡಕ್ಕೆ ಆಡುವಂತಿರಲಿಲ್ಲ. ಇಟಲಿ, ಸ್ಪೇನ್‌ಗಳ ಕ್ಲಬ್ಬುಗಳಲ್ಲಿ ಹಣ ಪಡೆದು ಆಡುವವರಿಗೆ ಈ ತಡೆಯಿರಲಿಲ್ಲ, ಅಮೆರಿಕದ ಆ ಒಂದು ಲೀಗಿಗೆ ಮಾತ್ರ ಇತ್ತು. ದೊಡ್ಡ ದೇಶಗಳಿಗೆ ಇದರಿಂದ ಅಷ್ಟೇನೂ ನಷ್ಟವಿಲ್ಲ. ಒಬ್ಬ ಹೋದರೆ ಇನ್ನೊಬ್ಬ ಸಿಗುತ್ತಾನೆ. ಎತ್ತರದ ಆಟಗಾರರ ಕೊರತೆಯನ್ನು ಬಹುಕಾಲ ಅನುಭವಿಸಿದ ಐಸ್‌ಲೆಂಡಿಗೆ 218 ಸೆಂಟಿಮೀಟರಿನ ಸೆಂಟರ್ ಒಬ್ಬನೇ ಇದ್ದ. ಅವನು ಆ ನಾಡಿನ ಯಾರೂ ಮುಟ್ಟದ ಎತ್ತರವನ್ನು ಮುಟ್ಟಿದ್ದೇ ತಡ, ನಾಡಿನ ಅಂಗಿಯನ್ನು ತೊಡುವ ಹಕ್ಕು ತಪ್ಪಿತು. 1989ರ ಏಪ್ರಿಲಿನಲ್ಲಿ ಮ್ಯೂನಿಕ್ಕಿನಲ್ಲಿ ಸೇರಿದ ಫಿಬಾ ಸಭೆ 56–13 ಮತಗಳಿಂದ ಆ ನಿಯಮವನ್ನು ತೆಗೆದುಹಾಕಿತು. ಅದರಿಂದಲೇ 1992ರ ಬಾರ್ಸಿಲೋನಾ ಒಲಿಂಪಿಕ್ಸಿನಲ್ಲಿ ಅಮೆರಿಕದ ‘ಡ್ರೀಮ್ ಟೀಮ್’ ಆಡಿತು, ಜಗತ್ತು ಕೊಂಡಾಡಿತು. ಆದರೆ ಮತ ಎಣಿಕೆಯಾದ ಆ ವಸಂತದಲ್ಲಿ ಪ್ಯೇತುರ್ ಅವರಿಗೆ ಮೂವತ್ತು ವರ್ಷ. ಅವರ ಎನ್‌ಬಿಎ ದಿನಗಳು ಮುಗಿದದ್ದೂ ಅದೇ ಋತುವಿನಲ್ಲಿ.

ನಮ್ಮ ದೇಶದ ವ್ಯವಸ್ಥೆ ಬಲ್ಲವರಿಗೆ ನಾನು ಎಲ್ಲಿಗೆ ಬರುತ್ತಿದ್ದೇನೆಂದು ತಿಳಿದಿರಬಹುದು. ಭಾರತದ ರಾಷ್ಟ್ರೀಯ ಪಂದ್ಯಾವಳಿಗಳಲ್ಲಿ ರಾಜ್ಯಗಳ ಜೊತೆಗೆ ರೈಲ್ವೆಯೂ ಒಂದು ತಂಡವಾಗಿ ಆಡುತ್ತದೆ. ಅಲ್ಲಿ ನೌಕರಿಯಲ್ಲಿರುವವರು ಅದೇ ತಂಡಕ್ಕೆ ಆಡಬೇಕು. ಅದು ನ್ಯಾಯವೇ, ಅನ್ನ ಕೊಟ್ಟವರ ಅಂಗಿ. ಒಂದು ವರ್ಷ ನಮ್ಮ ಎದುರಿಗೆ ಬಂದದ್ದು ಕರ್ನಾಟಕ. ಮೈಸೂರಿನ ಶಾಲೆಯ ಮಣ್ಣಿನ ಅಂಕಣದಲ್ಲಿ ನನ್ನ ಜೊತೆಯಲ್ಲೇ ಆಟ ಕಲಿತ ಗೆಳತಿ ಆ ತಂಡದ ಗಾರ್ಡ್. ಗ್ಯಾಲರಿಯಲ್ಲಿ ಅಪ್ಪ ಇದ್ದರು. ಮಗಳು ದೊಡ್ಡ ಪಂದ್ಯ ಆಡುವುದನ್ನು ನೋಡಲು ಒಂದು ರಾತ್ರಿ, ಒಂದು ಹಗಲು ರೈಲಿನಲ್ಲಿ ಕೂತು ಬಂದಿದ್ದರು.

ಆಟ ಬಿರುಸಾದಂತೆ ಕರ್ನಾಟಕದ ಹುಡುಗಿಯರು ಒಬ್ಬರಿಗೊಬ್ಬರು ಕನ್ನಡದಲ್ಲಿ ಕೂಗಿ ಹೇಳಿಕೊಳ್ಳತೊಡಗಿದರು. ‘ಎಡಗಡೆ ಬಾ’, ‘ಒಳಗೆ ಕೊಡು’, ‘ಬಿಡು, ಹೊರಗಿಂದ ಹಾಕ್ತೀನಿ’. ನಮ್ಮ ತಂಡದಲ್ಲಿ ಇದು ಅರ್ಥವಾಗುತ್ತಿದ್ದುದು ನನಗೊಬ್ಬಳಿಗೆ. ಮೊದಲ ಸಲ ನನಗರಿವಿಲ್ಲದೆಯೇ ಕಾಲು ಎಡಕ್ಕೆ ಸರಿಯಿತು, ಚೆಂಡು ಕೈಗೆ ಸಿಕ್ಕಿತು. ಎರಡನೆಯ ಸಲ ಅರಿವಿದ್ದೇ ಸರಿದೆ. ಮೂರನೆಯ ಸಲ ಪಕ್ಕದವಳಿಗೆ ಹಿಂದಿಯಲ್ಲಿ ಹೇಳಿಕೊಟ್ಟೆ. ನಾವು ಗೆದ್ದೆವು. ತಂಡದವರು ಸುತ್ತುಗಟ್ಟಿ ‘ಅಪ್ಪಾ! ಅಪ್ಪಾ!’ ಎಂದು ಬೆನ್ನು ತಟ್ಟಿದರು.

ಕೈಕುಲುಕಲು ಬಂದ ಗೆಳತಿ ನನ್ನ ಕೈಯನ್ನು ಬಿಡದೆ ಕೇಳಿದಳು: ‘ನೀನಿದ್ದೀಯ ಅನ್ನೋದನ್ನ ಮರೆತು ನಾವು ಕನ್ನಡದಲ್ಲಿ ಕೂಗಿದ್ವು ಕಣೇ. ಮರೆತದ್ದು ನಾವೋ, ನೀನೋ?’ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಉತ್ತರ ಹೊಳೆಯಲಿಲ್ಲ. ಮನೆಯ ಮಾತನ್ನು ಮನೆಯವರ ವಿರುದ್ಧವೇ ಬಳಸಿದ್ದೆನೆಂಬ ಅಳುಕು ಅಂದಿನಿಂದ ನನ್ನ ಜೊತೆಗಿದೆ. ನಿಯಮದ ಪ್ರಕಾರ ನಾನು ಮಾಡಿದ್ದರಲ್ಲಿ ತಪ್ಪಿಲ್ಲ. ಆದರೆ ಅಳುಕಿಗೆ ನಿಯಮದ ಪುಸ್ತಕ ಓದಲು ಬರುವುದಿಲ್ಲ.

ಅಪ್ಪ ಮಾತ್ರ ಬೇರೆ ಯಾವುದೋ ಲಹರಿಯಲ್ಲಿದ್ದರು. ನಿಲ್ದಾಣದಲ್ಲಿ ಚಹಾ ಕುಡಿಯುತ್ತ, ‘ಹುಡುಗೀರು ಅಪ್ಪಾ ಅಪ್ಪಾ ಅಂತ ಕೂಗಿದಾಗೆಲ್ಲ ನನ್ನನ್ನೇ ಕರೀತಿದಾರೆ ಅನ್ಕೊಂಡು ಎದ್ದು ನಿಲ್ತಿದ್ದೆ ಕಣಮ್ಮ. ಪಕ್ಕದೋರು ಕೂತ್ಕೊಳ್ಳಿ ಅಂತ ರೇಗಿದ್ರು’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ಅಷ್ಟು ಜನ ನನ್ನ ಹೆಸರು ಕೂಗಿದ್ದು ಇದೇ ಮೊದಲು’ ಎಂದರು. ಯಾವ ತಂಡ ಗೆದ್ದಿತೆಂದು ಅವರು ಕೇಳಲೇ ಇಲ್ಲ.

ಹೊರಟವರ ಕಥೆಯನ್ನಷ್ಟೇ ಹೇಳಿ ನಿಲ್ಲಿಸಿದರೆ ಅನ್ಯಾಯವಾಗುತ್ತದೆ. ಉಳಿದವರ ಕಥೆಗೆ ಐಸ್‌ಲೆಂಡಿನಲ್ಲೇ ಒಂದು ಒಳ್ಳೆಯ ಉದಾಹರಣೆಯಿದೆ: ತೇತುರ್ ಓರ್ಲಿಗ್ಸೊನ್. 1967ರಲ್ಲಿ ಹುಟ್ಟಿದವರು. ಆ ಅಮೆರಿಕನ್ ಸೇನಾನೆಲೆಯ ಪಕ್ಕದ ಪುಟ್ಟ ಊರು ಅವರ ನ್ಯಾರ್ದ್‌ವಿಕ್. ಅಲ್ಲಿನ ತಂಡಕ್ಕೆ ಹದಿಹರೆಯದಲ್ಲಿ ಸೇರಿದವರು 1984ರಿಂದ 2002ರ ನಡುವೆ ಹತ್ತು ಸಲ ರಾಷ್ಟ್ರೀಯ ಚಾಂಪಿಯನ್ ಆದರು. ನಡುವೆ ಒಂದು ಋತು ಗ್ರೀಸಿನ ಲಾರಿಸಾ ತಂಡಕ್ಕೆ ಹೋಗಿ ಬಂದದ್ದು ಬಿಟ್ಟರೆ ಅವರ ಮುಖ್ಯ ಆಟವೆಲ್ಲ ಊರಿನಲ್ಲೇ ನಡೆಯಿತು.

ಆಟ ಮುಗಿದ ಮೇಲೆ ತೇತುರ್ ತರಬೇತುದಾರರಾದರು. 2008ರ ಕೊನೆಯಲ್ಲಿ, ಋತುವಿನ ನಡುವೆ, ರೇಕ್ಯಾವಿಕ್ ಪಕ್ಕದ ಗಾರ್ದಬೈರ್ ಊರಿನ ಸ್ತ್ಯಾರ್ನನ್ ತಂಡವನ್ನು ವಹಿಸಿಕೊಂಡರು. ಅದುವರೆಗೆ ದೊಡ್ಡ ಪ್ರಶಸ್ತಿಯನ್ನೇ ಕಾಣದ ತಂಡವದು. ಎರಡೇ ತಿಂಗಳಲ್ಲಿ ಕಪ್ ಫೈನಲ್ ತಲುಪಿತು. ಎದುರಾಳಿ ಬಲಾಢ್ಯವಾದ ಕೆಆರ್ ತಂಡ. ಅದರಲ್ಲಿದ್ದವರು ಯೋನ್ ಆರ್ನೋರ್ ಸ್ತೆಫಾನ್ಸೊನ್; 2003ರಲ್ಲಿ ಡಲ್ಲಾಸ್ ತಂಡ ಸೇರಿಯೂ ಎನ್‌ಬಿಎ ಲೀಗಿನ ಪಂದ್ಯದಲ್ಲಿ ಅಂಕಣಕ್ಕಿಳಿಯಲು ಅವಕಾಶ ಸಿಗದೆ, ಮುಂದೆ ಯುರೋಪಿನ ಕ್ಲಬ್ಬುಗಳಲ್ಲಿ ಹೆಸರು ಮಾಡಿದವರು, ಆ ವರ್ಷ ಊರಿಗೆ ಮರಳಿದ್ದವರು. ಗೆದ್ದದ್ದು ಸ್ತ್ಯಾರ್ನನ್. 2013ರಲ್ಲಿ ತೇತುರ್ ಅದೇ ತಂಡಕ್ಕೆ ಮತ್ತೊಮ್ಮೆ ಕಪ್ ತಂದುಕೊಟ್ಟರು. ಪ್ಯೇತುರ್ ಕೂಡ ಊರಿಗೆ ಮರಳಿದ ಮೇಲೆ ಉತ್ತರದ ಸೌದಾರ್ಕ್ರೋಕುರ್ ಎಂಬ ಚಿಕ್ಕ ಪಟ್ಟಣದ ತಿಂದಸ್ತೋಲ್ ತಂಡಕ್ಕೆ ಆಡಿದರು, ತರಬೇತುದಾರರಾಗಿಯೂ ದುಡಿದರು. ಕರೀಮರ ಪಕ್ಕದಲ್ಲಿ ನಿಂತವರು ಮೀನುಗಾರರ ಊರಿನ ಒಳಾಂಗಣದಲ್ಲಿ ನಿಂತದ್ದನ್ನು ಇಳಿಕೆ ಎನ್ನುವವರು ಇರಬಹುದು. ನನಗೆ ಹಾಗನ್ನಿಸುವುದಿಲ್ಲ. 2001ರಲ್ಲಿ ಆ ನಾಡು ತನ್ನ ಶತಮಾನದ ಶ್ರೇಷ್ಠ ಆಟಗಾರನನ್ನು ಆರಿಸಿದಾಗ ಸೂಚಿಸಿದ್ದು ಅವರನ್ನೇ. ಹೊರಗೆ ಆಡಿದ ಪಂದ್ಯಗಳನ್ನೂ ನಾಡು ತನ್ನ ಲೆಕ್ಕಕ್ಕೇ ಬರೆದುಕೊಂಡಿತ್ತು.

2015ರ ಸೆಪ್ಟೆಂಬರಿನಲ್ಲಿ ಐಸ್‌ಲೆಂಡ್ ಮೊದಲ ಬಾರಿಗೆ ಯುರೋಪಿಯನ್ ಚಾಂಪಿಯನ್‌ಷಿಪ್ಪಿನ ಅಂತಿಮ ಸುತ್ತಿಗೆ ಬಂದಿತು. ಬರ್ಲಿನ್ನಿನಲ್ಲಿ ಅವರ ಗುಂಪಿನಲ್ಲಿದ್ದವು ಜರ್ಮನಿ, ಇಟಲಿ, ಸರ್ಬಿಯಾ, ಸ್ಪೇನ್, ಟರ್ಕಿ. ಮೊದಲ ಪಂದ್ಯದಲ್ಲಿ, ನೊವಿಟ್‌ಸ್ಕಿಯವರಿದ್ದ ಜರ್ಮನಿಗೆ ಆರೇ ಅಂಕಗಳಿಂದ ಸೋತರು. ಕೊನೆಯ ಪಂದ್ಯವನ್ನು ಟರ್ಕಿಯೆದುರು ಹೆಚ್ಚುವರಿ ಅವಧಿಯವರೆಗೆ ಎಳೆದು ಸೋತರು. ಐದಕ್ಕೆ ಐದೂ ಸೋಲು. ನಾನು ಪುಣೆಯ ಮನೆಯಲ್ಲಿ ಫೋನಿನ ಪುಟ್ಟ ಪರದೆಯ ಮೇಲೆ ತುಣುಕುಗಳನ್ನು ನೋಡುತ್ತಿದ್ದೆ. ಸೋತ ಮೇಲೂ ನೀಲಿ ಅಂಗಿಯ ಜನ ಎದ್ದುಹೋಗದೆ ಹಾಡುತ್ತ ನಿಂತಿದ್ದರು. ಆ ತಂಡದಲ್ಲಿ ಯೋನ್ ಆರ್ನೋರರೂ ಇದ್ದರು, ಹೊರನಾಡಿನ ಕ್ಲಬ್ಬುಗಳಲ್ಲಿ ಸಂಬಳಕ್ಕೆ ಆಡುವ ಇನ್ನೂ ಕೆಲವರಿದ್ದರು. ಯಾರನ್ನೂ ಯಾರೂ ತಡೆಯಲಿಲ್ಲ. ಮೂವತ್ತೈದು ವರ್ಷ ಮುಂಚೆ ಹೊರಟಾತ ನಾಡಿನ ಅಂಗಿಯನ್ನು ಕಳಚಿಟ್ಟು ಹೋಗಬೇಕಾಗಿತ್ತು. ಇವರು ಅದನ್ನು ಗಂಟಿನಲ್ಲೇ ಕಟ್ಟಿಕೊಂಡು ಹೋಗಬಹುದಾಗಿತ್ತು. ವ್ಯತ್ಯಾಸ ಇಷ್ಟೇ, ಆದರೆ ಒಬ್ಬ ಮನುಷ್ಯನ ಆಟದ ಆಯುಷ್ಯವೆಲ್ಲ ಆ ವ್ಯತ್ಯಾಸದೊಳಗೆ ಕಳೆದುಹೋಯಿತು.

ನನ್ನ ಗೆಳತಿ ಮೈಸೂರನ್ನು ಬಿಡಲಿಲ್ಲ. ಅದೇ ಶಾಲೆಯಲ್ಲಿ ದೈಹಿಕ ಶಿಕ್ಷಕಿಯಾಗಿ ಇಪ್ಪತ್ತೆಂಟು ವರ್ಷ ಹುಡುಗಿಯರಿಗೆ ಆಟ ಕಲಿಸಿದಳು. ನಾವಿಬ್ಬರೂ ಆ ಪಂದ್ಯದ ಮಾತನ್ನು ಮತ್ತೆ ಎತ್ತಿರಲಿಲ್ಲ. ಕಳೆದ ವರ್ಷ ಅವಳು ಫೋನ್ ಮಾಡಿ, ತಾನು ಕಲಿಸಿದ ಹುಡುಗಿಯೊಬ್ಬಳಿಗೆ ಈ ಕಡೆ ನೌಕರಿ ಸಿಕ್ಕಿದೆ, ಮೊದಲ ಕೆಲವು ದಿನ ನಿನ್ನ ಮನೆಯಲ್ಲಿರಲಿ ಎಂದಳು. ‘ಕಳಿಸೇ’ ಎಂದೆ. ಆಮೇಲೆ ತಡೆಯಲಾರದೆ, ‘ನಾಳೆ ಅವಳೂ ಕರ್ನಾಟಕದ ಎದುರಿಗೇ ಆಡ್ತಾಳಲ್ಲ’ ಎಂದೆ. ಅವಳು ನಕ್ಕಳು. ‘ಆಡಲಿ ಬಿಡೇ. ಕನ್ನಡದಲ್ಲಿ ಕೂಗಬೇಡಿ ಅಂತ ಈಗಿನ ಮಕ್ಕಳಿಗೆ ಮೊದಲೇ ಹೇಳಿಕೊಟ್ಟಿದೀನಿ’ ಎಂದಳು. ಅಷ್ಟು ವರ್ಷ ಉತ್ತರವಿಲ್ಲದೆ ಉಳಿದಿದ್ದ ಪ್ರಶ್ನೆಯನ್ನು ಅವಳೇ ಹಿಂತೆಗೆದುಕೊಂಡಂತೆ ನನಗನ್ನಿಸಿತು.

ಹುಡುಗಿ ಬಂದಳು. ನನಗಿಂತ ಎತ್ತರ. ರಾತ್ರಿ ಊಟವಾದ ಮೇಲೆ ಮೇಜಿನ ಮೇಲೆ ಅರ್ಜಿಯನ್ನು ಹರವಿಕೊಂಡು, ಪೆನ್ನು ಕಚ್ಚುತ್ತ ಕೂತಿದ್ದಳು. ‘ಆಂಟಿ, ಸರ್‌ನೇಮ್ ಅಂತ ಇದೆ. ಇಲ್ಲಿ ಏನು ಬರೀಲಿ?’

‘ಅಪ್ಪನ ಹೆಸರು ಬರಿ. ಪೂರ್ತಿ ಬರಿ, ಒಂದಕ್ಷರವನ್ನೂ ಬಿಡಬೇಡ’ ಎಂದೆ. ‘ಆಮೇಲೆ ನಿಮ್ಮಪ್ಪನ್ನ ಒಂದು ಪಂದ್ಯಕ್ಕೆ ಕರೆಸು.’